ಹೊಗೆ ಬಿಡದ ಗಾಡಿಯಲ್ಲಿ ಕುಷ್ಟಗಿಗೆ

ಗಂಗಾವತಿ ಬಿಟ್ಟಾಗ ಭತ್ತದ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ಮುಂದೆ ನಾನು, ಹಿಂದೆ ಹೆಂಡತಿ ಅನ್ನಪೂರ್ಣಾ, ಕೆಳಗೆ ನಮ್ಮ ಮದುವೆಗಿಂತ ಹಳೆಯದಾದ ಅವಳಪ್ಪನ ಟೂ-ಸ್ಟ್ರೋಕ್ ಬೈಕು. ಹೋಗಬೇಕಾದದ್ದು ಕುಷ್ಟಗಿಗೆ, ಮಾವನವರ ಮನೆಗೆ. ನಂಬಿ ಕೊಟ್ಟ ಗಾಡಿಯನ್ನು ಅಳಿಯ ನಿಂತಲ್ಲೇ ನಿಲ್ಲಿಸಿದ್ದಾನೆಂದು ಅವರಿಗೆ ಸಿಟ್ಟು. "ಓಡಿಸ್ಕೊಂಡು ಬರ್ರಿ ಅಳಿಯಂದ್ರ. ಟೆಂಪೋದಾಗ ಹೇರ್ಕೊಂಡು ಬಂದ್ರ ಸೀದಾ ಗುಜರಿಗೆ ಹಾಕಿಬಿಡ್ತೀನಿ" ಎಂದು ಫೋನಿನಲ್ಲಿ ಹೇಳಿದ್ದರು. ಆಡಿದ್ದನ್ನು ಮಾಡುವ ಮನುಷ್ಯ ಅವರು.

ಟೂ-ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತದೆ, ನೀಲಿ ಹೊಗೆ ಅದರದ್ದೇ. ಈ ಗಾಡಿಯಲ್ಲಿ ಆ ಎಣ್ಣೆಗೆ ಬೇರೆಯೇ ಡಬ್ಬಿ ಇದೆ. ಪುಟ್ಟ ಪಂಪೊಂದು ಬೇಕಾದಷ್ಟೇ ಎಣ್ಣೆಯನ್ನು ಎಂಜಿನ್ನಿಗೆ ಕೊಡುತ್ತದೆ. ನಮ್ಮ ಕಡೆಯ ಮೇಸ್ತ್ರಿಗಳು ಕಂಡ ತಕ್ಷಣ ಅದನ್ನು ಕಿತ್ತೆಸೆದು, "ಪೆಟ್ರೋಲಿಗೇ ಎಣ್ಣಿ ಕಲಸ್ರಿ, ತಲಿಬ್ಯಾನಿ ಇರಂಗಿಲ್ಲ" ಎನ್ನುತ್ತಾರೆ. ನಾನು ಜಗ್ಗಲಿಲ್ಲ. ಪಂಪು ಬಿಚ್ಚಿ ತೊಳೆದೆ, ಗಟ್ಟಿಯಾಗಿದ್ದ ಪೈಪು ಬದಲಿಸಿದೆ, ಡಬ್ಬಿ ತುಂಬಿಸಿದೆ. ಹೊಸ ಪೈಪಿನಲ್ಲಿ ಗಾಳಿ ಉಳಿದರೆ ಎಣ್ಣೆ ಮುಂದೆ ಹೋಗದು. ಆ ಭಯಕ್ಕೆ ಮೊದಲ ಹಂತದ ದಾರಿಗೆಂದು ಪೆಟ್ರೋಲಿಗೂ ಒಂದಿಷ್ಟು ಎಣ್ಣೆ ಸುರಿದಿದ್ದೆ. ಅನ್ನಪೂರ್ಣಾ ಪೂಜೆ ಮಾಡಿ, ಎಣ್ಣೆಯ ಮಟ್ಟ ಕಾಣುವ ಗಾಜಿನ ಮೇಲೆಯೇ ಮೂರು ಬೆರಳು ವಿಭೂತಿ ಎಳೆದಳು. ದೇವರ ಕೆಲಸ, ಒರೆಸಲು ಕೈ ಬರಲಿಲ್ಲ.

ಸುಮಾರು ನಲವತ್ತೈದು ಕಿಲೋಮೀಟರು ದೂರದ ಕೊಪ್ಪಳಕ್ಕೆ ಹಿಂದೆ ನೀಲಿ ಹೊಗೆ ಬಿಡುತ್ತಲೇ ಬಂದೆವು. ಹೊಗೆ ಕಂಡು ನನಗೆ ಸ್ವರ್ಗ ಸಿಕ್ಕಷ್ಟು ಸಂತೋಷ: ಪಂಪು ಎಣ್ಣೆ ಕೊಡುತ್ತಿದೆ! ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಇನ್ನು ಬೆರಕೆ ಯಾಕೆಂದು ಬರೀ ಪೆಟ್ರೋಲು ತುಂಬಿಸಿ ಕುಕನೂರಿನ ಹಾದಿ ಹಿಡಿದೆ. ನೇರ ದಾರಿ ಬೇರೆ ಇತ್ತು. ಆದರೆ ಯಲಬುರ್ಗಾದ ಸೋದರತ್ತೆಯನ್ನು ಮಾತಾಡಿಸದೆ ಅನ್ನಪೂರ್ಣಾ ತವರಿಗೆ ಹೋಗುವವಳಲ್ಲ.

ಎರಡೂ ಕಡೆ ಕರಿಮಣ್ಣು, ಮೊಣಕಾಲೆತ್ತರದ ಜೋಳ, ಹಿತವಾದ ಬಿಸಿಲು. ಕುಕನೂರು ಹತ್ತಿರವಾದಾಗ ಅನ್ನಪೂರ್ಣಾ ಕಿವಿಯ ಹತ್ತಿರ ಬಾಗಿ, "ಇವತ್ತ ಗಾಡಿ ಎಷ್ಟ್ ಛಲೋ ಓಡಾಕತ್ತೈತ್ರಿ! ಹೊಗಿ ವಾಸನಿನ ಇಲ್ಲ ನೋಡ್ರಿ" ಎಂದಳು.

ಒಂದು ಗಳಿಗೆ ಮೀಸೆ ಕುಣಿಯಿತು. ಮರುಗಳಿಗೆ ಎದೆ ಧಸಕ್ಕೆಂದಿತು. ಹೊಗೆ ಇಲ್ಲವೆಂದರೆ ಎಣ್ಣೆಯೂ ಇಲ್ಲ! ಕೊಪ್ಪಳದವರೆಗೆ ಕಂಡದ್ದು ನಾನೇ ಪೆಟ್ರೋಲಿಗೆ ಸುರಿದ ಎಣ್ಣೆಯ ಹೊಗೆ. ಕ್ಲಚ್ ಹಿಡಿದು, ಎಂಜಿನ್ ಬಂದ್ ಮಾಡಿ, ರಸ್ತೆ ಬದಿಗೆ ಇಳಿಸಿದೆ. ವಿಭೂತಿ ಒರೆಸಿ ನೋಡಿದರೆ ಎಣ್ಣೆ ಹೊರಟಾಗ ಎಲ್ಲಿತ್ತೋ ಅಲ್ಲೇ ಇದೆ. ಇನ್ನೊಂದಿಷ್ಟು ದೂರ ಓಡಿಸಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು, ಆಮೇಲೆ ಟೆಂಪೋನೇ ಗತಿ.

ತಳ್ಳಿಕೊಂಡು ಊರ ಹೊರಗಿನ ಚಹಾದಂಗಡಿ ಮುಟ್ಟಿದೆವು. ಅಂಗಡಿಯಾಕೆ ಕೇಳಿದಳು: "ಏನಾತ್ರಿ ಅಣ್ಣಾರ, ಎಣ್ಣಿ ಖಾಲಿ ಆತೇನ್ರಿ?"

"ತುಂಬೈತ್ರಿ ಅಕ್ಕಾರ. ಅದಕ್ಕ ಅಂಜಿಕಿ" ಎಂದೆ.

ಆಕೆ ನನ್ನನ್ನೊಮ್ಮೆ, ಅನ್ನಪೂರ್ಣಾಳನ್ನೊಮ್ಮೆ ನೋಡಿ, ನೆರಳಿನಲ್ಲಿದ್ದ ಬೆಂಚು ಸರಿಸಿ ಜಾಗ ಮಾಡಿಕೊಟ್ಟಳು.

ಎಂಜಿನ್ ಆರಿದ ಮೇಲೆ ಪಂಪಿನ ಗಾಳಿ ತೆಗೆಯುವ ತಿರುಪು ಸಡಿಲಿಸಿದೆ. ಬುಳುಬುಳು ಗುಳ್ಳೆ ಬಂದವು, ಆಮೇಲೆ ಬರೀ ಎಣ್ಣೆ. ತಿರುಪು ಬಿಗಿದು, ಜೊತೆಗೆ ತಂದಿದ್ದ ಎಣ್ಣೆಯನ್ನು ಮತ್ತೆ ಪೆಟ್ರೋಲಿಗೆ ಬೆರೆಸಿ, ಎಂಜಿನ್ ನಿಂತಲ್ಲೇ ನಿಧಾನಕ್ಕೆ ತಿರುಗುವಂತೆ ಹಿಡಿದೆ. ಅನ್ನಪೂರ್ಣಾ ಸೆರಗು ಸಿಕ್ಕಿಸಿ, ಕೂತು, ಪಂಪು ಪೂರ್ತಿ ತೆರೆಯಲೆಂದು ಅದರ ವೈರು ಜಗ್ಗಿ ಹಿಡಿದಳು. ಎಂಜಿನ್ನಿಗೆ ಹೋಗುವ ಸಣ್ಣ ಪೈಪಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಸರಿದವು.

"ನಿಂತ್ವು ನೋಡ್ರಿ. ಬರೇ ಎಣ್ಣಿ ಹೊಂಟೈತಿ" ಎಂದಳು.

"ಖರೇನ?"

"ನನ್ನ ಕಣ್ಣ್ ಏನ್ ಕುರುಡ್ರೀ? ನೀವ ಬಗ್ಗಿ ನೋಡ್ರಿ!"

ಹೊಗೆ ಈಗಲೂ ಸಾಕ್ಷಿಯಲ್ಲ. ಪೆಟ್ರೋಲಿನಲ್ಲಿ ಮತ್ತೆ ಎಣ್ಣೆ ಇದೆಯಲ್ಲ! ಗಾಜಿನ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಹಾಕಿ ಹೊರಟೆ. ಯಲಬುರ್ಗಾದ ಸೋದರತ್ತೆ ಕಾಲಿಗೆ ನೀರು ತಂದು ನಿಂತರೂ ನಾನು ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿದ್ದೆ. ಎಣ್ಣೆ ಗೆರೆಯಿಂದ ಚೂರು ಇಳಿದಿತ್ತು. ಹೋದ ಜೀವ ಬಂದಂತಾಯಿತು. ಆಮೇಲೆ ಎಷ್ಟು ರೊಟ್ಟಿ ತಿಂದೆನೋ, ಬಡಿಸಿದ ಸೋದರತ್ತೆಯನ್ನೇ ಕೇಳಬೇಕು.

ಇಳಿಹೊತ್ತಿಗೆ ಕುಷ್ಟಗಿ. ಮಾವನವರು ಬಾಗಿಲಲ್ಲೇ ನಿಂತಿದ್ದರು. "ಬರ್ರಿ" ಎಂದವರೇ ನಮ್ಮನ್ನು ದಾಟಿ ಗಾಡಿಯ ಬಳಿ ಹೋದರು. ಎಂಜಿನ್ ಆರಿಸಲು ಬಿಡಲಿಲ್ಲ. ಕಿವಿಗೊಟ್ಟು ಕೇಳಿದರು, ಪಂಪಿನ ಮೇಲೆ ಬೆರಳಿಟ್ಟರು, ಗಾಜು ನೋಡಿದರು.

"ಪಂಪು ಕಿತ್ತಿಲ್ಲೇನ?"

"ಇಲ್ರಿ ಮಾವಾರ."

ಪಂಚೆ ಎತ್ತಿ ಕಟ್ಟಿದರು. ಓಡಿಸುತ್ತಾರೇನೋ ಎಂದು ನಾನು ಇಳಿಯಹೋದೆ. ಅವರು ಭುಜ ಒತ್ತಿ ನನ್ನನ್ನು ಅಲ್ಲೇ ಕೂರಿಸಿ, ಹಿಂದಿನ ಸೀಟಿಗೆ ಹತ್ತಿದರು. ಆ ಗಾಡಿಯ ಹಿಂದಿನ ಸೀಟಿನಲ್ಲಿ ಅವಳಪ್ಪ ಕೂತದ್ದನ್ನು ಅನ್ನಪೂರ್ಣಾ ಹುಟ್ಟಿದಾಗಿನಿಂದ ಕಂಡವಳಲ್ಲ. ಬಾಯಿಗೆ ಕೈ ಇಟ್ಟು ನಿಂತಳು.

"ನಡೀರಿ ಅಳಿಯಂದ್ರ," ಎಂದರು ಮಾವ, "ಪ್ಯಾಟಿ ಮುಂದ ಹಾಯ್ದು ಹೋಗೂಣು. ಮಂದಿ ನೋಡ್ಲಿ, ಗಾಡಿ ಈಗ ಯಾರದಂತ."