ಹೊಳೆ ಕರೆಯಿತು ಎಂದು ಬರೆದವರು

ನಮ್ಮ ದೊಡ್ಡಪ್ಪನ ಪುಸ್ತಕ ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನನ್ನ ತಮ್ಮ ನಂಜನಗೂಡಿನಿಂದ ಫೋನ್ ಮಾಡಿ, "ಅಕ್ಕ, ದೊಡ್ಡಪ್ಪನ ಪುಸ್ತಕ ಮತ್ತೆ ಪ್ರಿಂಟ್ ಮಾಡಿಸ್ತಿದೀವಿ. ಮುನ್ನುಡಿ ನೀನೇ ಬರೀಬೇಕು. ಅವರ ವಿದ್ಯೆ ಓದಿರೋಳು ಮನೇಲಿ ನೀನೊಬ್ಬಳೇ," ಎಂದ. ನಾನು ಟಿ. ನರಸೀಪುರದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತೇನೆ. ಆ ವಿದ್ಯೆ ಓದಿದ್ದೇ ಆ ಪುಸ್ತಕದ ಮೇಲಿನ ಸಿಟ್ಟಿಗೆ ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ದೊಡ್ಡಪ್ಪ ನಮ್ಮಪ್ಪನಿಗಿಂತ ಬಹಳ ದೊಡ್ಡವರು. ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದು ಎಂಬ ಮಾತು ನಮ್ಮ ಕಡೆ ಯಾರ ಕಿವಿಗೂ ಬೀಳದಿದ್ದ ಕಾಲದಲ್ಲಿ ಅವರು ಮೈಸೂರಿನ ಕಾಲೇಜೊಂದರಲ್ಲಿ ಅದನ್ನೇ ಮಾಡುತ್ತಿದ್ದರಂತೆ. ಒಂದೇ ಗಾತ್ರದ ಡಬ್ಬಿಗಳಲ್ಲಿ ಬೇರೆಬೇರೆ ತೂಕದ ಸೀಸದ ಗುಂಡು ತುಂಬಿ, ಕಣ್ಣಿಗೆ ಬಟ್ಟೆ ಕಟ್ಟಿದವರ ಕೈಗಿಟ್ಟು ಯಾವುದು ಭಾರ ಎಂದು ಕೇಳುವುದು. ಒಂದು ಪದ ಹೇಳಿ, ಎದುರಿಗಿದ್ದವರ ಬಾಯಿಗೆ ಮೊದಲು ಬಂದ ಪದ ಯಾವುದು, ಎಷ್ಟು ಹೊತ್ತಿಗೆ ಬಂತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳುವುದು. ಇಷ್ಟರಲ್ಲೇ ನಿಂತಿದ್ದರೆ ನಾನೂ ಅವರ ಫೋಟೋಗೆ ಹಾರ ಹಾಕುತ್ತಿದ್ದೆ. ರಿಟೈರಾಗಿ ನಂಜನಗೂಡಿನ ಮನೆಗೆ ಬಂದ ಮೇಲೆ ಅವರಿಗೆ ಗಿಡಕ್ಕೂ ಮನಸ್ಸಿದೆ, ಕಲ್ಲಿಗೂ ಮನಸ್ಸಿದೆ, ಊರ ಹೊಳೆ ಕಪಿಲೆ ನಮ್ಮ ಬಗ್ಗೆ ಯೋಚಿಸುತ್ತಾಳೆ ಎಂದೆಲ್ಲ ಅನ್ನಿಸತೊಡಗಿತು. ಓದಿ ಓದಿ ಮರುಳಾದ ಕೂಚುಭಟ್ಟ ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವರಿಗೆ ತಮ್ಮ ಸಿದ್ಧಾಂತಕ್ಕೆ ಒಂದು ಸಾಕ್ಷಿ ಬೇಕಾಗಿತ್ತು, ಮನೆಯಲ್ಲಿ ನಮ್ಮಮ್ಮ ಇದ್ದಳು.

ಅಮ್ಮನಿಗೆ ಮೂರ್ಛೆ ಬರುತ್ತಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಟೆದುಕೊಂಡು, ಬಾಯಲ್ಲಿ ನೊರೆ ಬರುತ್ತಿತ್ತು. ಅಜ್ಜಿ ಓಡಿ ಬಂದು ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಿದ್ದಳು. ದೊಡ್ಡಪ್ಪ ಅದನ್ನು ಮೂಢನಂಬಿಕೆ ಎಂದು ಬಿಡಿಸಿದರು. ಬಿಡಿಸಿ, ತಮ್ಮದೊಂದನ್ನು ತಂದರು. ಅಮ್ಮನಿಗೆ 'ಬಂದಾಗ' ಯಾರೂ ಮುಟ್ಟಬಾರದು. ಸುತ್ತ ಕೂತು ಕೈಮುಗಿಯಬೇಕು. ಅವಳು ಕಣ್ಣು ಬಿಟ್ಟ ತಕ್ಷಣ ಒಂದು ಪ್ರಶ್ನೆ ಕೇಳಬೇಕು. ಬಾಯಿಂದ ಬಿದ್ದ ಮೊದಲ ಪದವೇ ಉತ್ತರ. ಕಾಲೇಜಿನ ಅದೇ ಹಳೇ ಪ್ರಯೋಗ, ಅದೇ ಗಡಿಯಾರ. ಅಲ್ಲಿ ಉತ್ತರ ವಿದ್ಯಾರ್ಥಿಗಳದಾಗಿತ್ತು, ಇಲ್ಲಿ ದೇವರದಾಯಿತು. ಅರ್ಧ ಎಚ್ಚರದಲ್ಲಿ ಅವಳು "ನೀರು" ಎಂದರೆ ದೊಡ್ಡಪ್ಪ ಅದನ್ನು ಕೇಳಲು ಬಂದವರ ಗದ್ದೆ ವ್ಯಾಜ್ಯಕ್ಕೋ ಮಗಳ ಮದುವೆಗೋ ಹೊಂದಿಸಿಕೊಡುತ್ತಿದ್ದರು. ಪಾಪ, ಅವಳಿಗೆ ಬಾಯಾರಿರಬಹುದು ಎಂದು ಒಬ್ಬರಿಗೂ ಅನ್ನಿಸುತ್ತಿರಲಿಲ್ಲ.

ಅಪ್ಪ ಒಮ್ಮೆ ಅವಳನ್ನು ಮೈಸೂರಿನ ಆಸ್ಪತ್ರೆಗೆ ತೋರಿಸುತ್ತೇನೆ ಎಂದರು. "ಇದು ಕಾಯಿಲೆ ಅಲ್ಲಪ್ಪ. ಈ ವಿಷಯದಲ್ಲೇ ತಲೆ ನರೆಸಿದೋನು ನಾನು," ಎಂದರು ದೊಡ್ಡಪ್ಪ. ಅಲ್ಲಿಗೆ ಮುಗಿಯಿತು. ಪೂಜಾರಿಯೊಬ್ಬ ಹಾಗೆ ಹೇಳಿದ್ದರೆ ಅಪ್ಪ ತಲೆಯಾಡಿಸಿ, ಆಮೇಲೆ ಡಾಕ್ಟರನ್ನೂ ಒಂದು ಮಾತು ಕೇಳುತ್ತಿದ್ದರು. ಹೇಳಿದವರು ಪ್ರೊಫೆಸರ್, ಮೇಲಾಗಿ ಅಣ್ಣ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋದ ಅಮ್ಮನಿಗೆ ನೀರಿನಲ್ಲೇ ಮೂರ್ಛೆ ಬಂತು. ಸೊಂಟದ ಮಟ್ಟದ ನೀರು. ಜೊತೆಗೆ ಹೋಗಿದ್ದ ನಮ್ಮ ಮನೆಯ ಹೆಂಗಸರು ಮೆಟ್ಟಿಲ ಮೇಲೆ ನಿಂತು ಕೈಮುಗಿದರು. ಮುಟ್ಟಬಾರದಲ್ಲ! ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ಯಾರೋ ಕೂಗಿಕೊಂಡು ಬರುವಷ್ಟರಲ್ಲಿ ಅಮ್ಮ ಇರಲಿಲ್ಲ.

ಅದಾದ ಮೇಲೆ ಪುಸ್ತಕ ಬಂತು. ಕೊನೆಯ ಅಧ್ಯಾಯ ನಮ್ಮಮ್ಮನದು. ಹೊಳೆ ತನಗೆ ಒಗ್ಗುವ ಮನಸ್ಸನ್ನು ಕರೆಯಿತು, ಅವಳು ಓಗೊಟ್ಟು ಹೋದಳು ಎಂದು ಬರೆದಿದ್ದಾರೆ. ಬರವಣಿಗೆ ಚೆನ್ನಾಗಿದೆ, ಕಷ್ಟ ಇರುವುದೇ ಅಲ್ಲಿ. ಕೆಟ್ಟದಾಗಿ ಬರೆದಿದ್ದರೆ ಗೆದ್ದಲು ತಿಂದು ಎಂದೋ ಮುಗಿಸಿರುತ್ತಿತ್ತು. ನಮ್ಮ ಕಾಲೇಜಿನಲ್ಲಿ ಹೆಮ್ಮಿಗೆ ಕಡೆಯ ಮೇಷ್ಟ್ರೊಬ್ಬರು ಅದನ್ನು ಓದಿ ಬಂದು, "ನಿಮ್ ತಾಯಿ ಪುಣ್ಯವಂತ್ರು ಕಣ್ರೀ," ಎಂದರು. ನಾನು ಟೀ ಲೋಟ ಕೆಳಗಿಟ್ಟು ಎದ್ದು ಹೋದೆ. ಅವರೊಂದಿಗೆ ಆಮೇಲೆ ಸರಿಯಾಗಿ ಮಾತಾಡಿಲ್ಲ.

ಮುನ್ನುಡಿ ಬರೆಯುವುದಿಲ್ಲ ಎಂದು ತಮ್ಮನ ಮುಖಕ್ಕೇ ಹೇಳೋಣವೆಂದು ಸೋಮವಾರ ನಂಜನಗೂಡಿನ ಬಸ್ಸು ಹತ್ತಿದೆ. ಸೋಮವಾರ ಅವನ ಮನೆಯಲ್ಲಿ ಆ ಪುಸ್ತಕದ ಪಾರಾಯಣ ನಡೆಯುತ್ತದೆ. ಜಗುಲಿಯ ತುಂಬ ಚಪ್ಪಲಿ. ನಡುಮನೆಯಲ್ಲಿ ಜನ, ಗದ್ದೆ ಕೇಸಿನ ವಿಚಾರ ಕೇಳಲು ಬಿಳಿಗೆರೆಯಿಂದ ಬಂದಿದ್ದವರೊಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದರು. ತಮ್ಮ ಕೊನೆಯ ಅಧ್ಯಾಯ ಓದುತ್ತಿದ್ದ. ಪಕ್ಕದಲ್ಲಿ, ಮಣೆಯ ಮೇಲೆ, ಹೂ ಮುಡಿಸಿ ಅವನ ಮಗಳನ್ನು ಕೂರಿಸಿದ್ದರು.

ಬಿ.ಎಸ್ಸಿ. ಓದುವ ಹುಡುಗಿ. ನಮ್ಮಮ್ಮನ ಕಾಯಿಲೆ ಅವಳಿಗೂ ಬಂದಿತ್ತು. ಹೋದ ವರ್ಷ ಡಾಕ್ಟರಿಗೆ ತೋರಿಸಿ ಮಾತ್ರೆ ಕೊಡಿಸಿದವಳು ನಾನೇ. ಶುರು ಮಾಡಿದ ಮೇಲೆ ಒಂದು ಸಲವೂ ಬಂದಿರಲಿಲ್ಲ. ತಮ್ಮನ ಹೆಂಡತಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, "ಮಾತ್ರೆ ನಿಲ್ಲಿಸ್ಬಿಟ್ರು ಅತ್ತಿಗೆ. ಅತ್ತೆಯವರ ಅಂಶ ಇವಳಲ್ಲಿದೆ, ಮಾತ್ರೆ ಅದನ್ನ ಕಟ್ಟಿಹಾಕುತ್ತೆ ಅಂತಾರೆ," ಎಂದು ಪಿಸುಗುಟ್ಟಿದಳು.

ಅವಳ ಮಾತು ಮುಗಿಯುವಷ್ಟರಲ್ಲಿ ಹುಡುಗಿ ಮಣೆಯಿಂದ ಉರುಳಿದಳು. ಕೈಕಾಲು ಸೆಟೆದುಕೊಂಡು, ತಲೆ ನೆಲಕ್ಕೆ ಬಡಿಯತೊಡಗಿತು. ಎಲ್ಲರೂ ಕೈಮುಗಿದರು. ನಾನು ಜನರ ಕಾಲು ತುಳಿದುಕೊಂಡೇ ಹೋಗಿ, ಅವಳನ್ನು ಮಗ್ಗುಲಿಗೆ ಹೊರಳಿಸಿ, ಶಾಲು ಮಡಚಿ ತಲೆಯ ಕೆಳಗಿಟ್ಟೆ.

"ಅಕ್ಕ, ಮುಟ್ಬೇಡ!" ತಮ್ಮ ಕಿರುಚಿದ.

"ಮುಟ್ಟದೇ ಇದ್ದಿದ್ದಕ್ಕೇ ಕಣೋ ಅಮ್ಮ ಸತ್ತಿದ್ದು! ಹೊಳೆ ಕರೀಲಿಲ್ಲ. ಫಿಟ್ಸ್ ಬಂತು, ಮುಳುಗಿದ್ಲು. ಯಾರಾದ್ರೂ ಒಬ್ರು ಕೈ ಹಿಡ್ದು ಎಳೆದಿದ್ರೆ ಸಾಕಿತ್ತು."

ಅವನ ಮುಖ ಕೆಂಪಾಯಿತು. ಬೈಯುತ್ತಾನೆ ಎಂದುಕೊಂಡೆ. "ಹಂಗಂದ್ರೆ ಅಮ್ಮ ಸುಮ್ನೆ ಸತ್ಲು ಅಂತಾಯ್ತಲ್ಲ ಅಕ್ಕ," ಎಂದ.

ಅಮ್ಮ ಹೋದಾಗ ಅವನಿನ್ನೂ ಹಾಲು ಹಲ್ಲಿನ ಮಗು. ಅವಳ ಮುಖ ಅವನಿಗೆ ನೆನಪಿಲ್ಲ. ಆ ಅಧ್ಯಾಯವೇ ಅವನ ಅಮ್ಮ. ಅದು ಗೊತ್ತಿದ್ದೂ ನನಗೆ ಕರುಣೆ ಬರಲಿಲ್ಲ.

"ಹೌದು ಕಣೋ. ಸುಮ್ನೆ ಸತ್ಲು."

ಹುಡುಗಿಯ ಸೆಳೆತ ನಿಂತಿತು. ಕಣ್ಣು ಬಿಟ್ಟು ಮೊದಲು ಜನರನ್ನು ನೋಡಿದಳು, ಆಮೇಲೆ ತನ್ನ ಬಟ್ಟೆ ಒದ್ದೆಯಾಗಿರುವುದನ್ನು ನೋಡಿ ಮುಖ ಮುಚ್ಚಿಕೊಂಡಳು. ಗಂಡನೆದುರು ದನಿಯೆತ್ತದ ಅವಳ ತಾಯಿ ಒಳಗಿನಿಂದ ಬೆಡ್‌ಶೀಟ್ ತಂದು ಹೊದಿಸಿ, ಮಗಳನ್ನು ಎದೆಗೊರಗಿಸಿಕೊಂಡು, ಎಲ್ಲರಿಗೂ ಬೆನ್ನು ಹಾಕಿ ಕೂತಳು.

ಬಿಳಿಗೆರೆಯವರು ಮಂಡಿಯ ಮೇಲೆ ಮುಂದಕ್ಕೆ ಸರಿದರು. ಅವರ ತಪ್ಪೇನಿಲ್ಲ, ಅವರಿಗೆ ಹೇಳಿಕೊಟ್ಟದ್ದೇ ಹಾಗೆ. "ಸಾ, ನಮ್ ಗದ್ದೆ ಇಚಾರ ಈಗ್ಲೇ ಕೇಳ್ಬೇಕಲ್ವಾ? ಅಮ್ಮಣ್ಣಿ ಕಣ್ ಬುಟ್ರು," ಎಂದರು.

ತಮ್ಮ ಅವರ ಕಡೆ ನೋಡಲಿಲ್ಲ. ಮಗಳ ಒಂದು ಪಾದ ಬೆಡ್‌ಶೀಟಿನಿಂದ ಆಚೆ ಇತ್ತು, ಅದನ್ನೇ ನೋಡುತ್ತಿದ್ದ. "ಇವತ್ತು ಆಗಲ್ಲ ಕಣ್ರೀ," ಎಂದ.

"ಮತ್ತೆ ಯಾವತ್ ಬರಾನ ಸಾ?"

ಅವನು ಬೆಡ್‌ಶೀಟ್ ಎಳೆದು ಆ ಪಾದ ಮುಚ್ಚಿದ. ಆಮೇಲೆ, "ಬರಬೇಡಿ. ಮಗೂಗೆ ಹುಷಾರಿಲ್ಲ," ಎಂದ.

ಎಷ್ಟು ಸಣ್ಣ ಮಾತು! ಅಷ್ಟೆಲ್ಲ ಬರೆದ ಆ ಮನುಷ್ಯ ನಮ್ಮಮ್ಮನ ಬಗ್ಗೆ ಇದೊಂದು ಮಾತು ಆಡಿದ್ದರೆ, ಅವಳು ಇವತ್ತು ಅದೇ ನಡುಮನೆಯಲ್ಲಿ ಮೊಮ್ಮಗಳಿಗೆ ತಲೆ ಬಾಚುತ್ತ ಕೂತಿರುತ್ತಿದ್ದಳು.