ಹಿಡಿಕೆ ಬಿಡದ ತೂಕದಕ್ಕ

ಬೆಳಗಿನ ಐದೂ ಕಾಲು. ಬೆಟ್ಟದ ಬುಡದ ತಗಡಿನ ಶೆಡ್ಡಿನಲ್ಲಿ ನೀರು ಕುದಿಯುತ್ತಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ದಪ್ಪ ಕೈಗವಸು ತೊಟ್ಟ ಎರಡೂ ಕೈಗಳನ್ನು ಮಂಜುಗಡ್ಡೆ ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಕೊಂಡು, ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಾರೆ. ಮೂರು ನಿಮಿಷವಾದ ಮೇಲೆ ಕೈ ತೆಗೆದು, ಮೇಜಿನ ಮೇಲಿದ್ದ ಮಡಚುವ ರಬ್ಬರ್ ಲೋಟಕ್ಕೆ ಕುದಿನೀರು ಸುರಿದು ಎತ್ತುತ್ತಾರೆ. ಬಿಸಿಗೆ ಮೆತ್ತಗಾದ ಲೋಟ ಹಿಡಿತಕ್ಕೆ ಒಳಗೆ ಬಾಗುತ್ತದೆ, ನೀರು ಮೇಜಿನ ತುಂಬ ಚೆಲ್ಲುತ್ತದೆ.

"ನೋಡಿದ್ರಲ್ಲ. ಅಂಗಡಿಲಿ ಒಳ್ಳೆ ಹೂವಿನ ಥರ ಇತ್ತು," ಎಂದು ಅದನ್ನು ಮೂಲೆಯ ಡಬ್ಬಕ್ಕೆ ಎಸೆಯುತ್ತಾರೆ. ಡಬ್ಬದಲ್ಲಿ ಅಂಥವು ಇಪ್ಪತ್ತೋ ಮೂವತ್ತೋ ಬಿದ್ದಿವೆ.

ಚಾರಣಿಗರು ಇವರನ್ನು ತೂಕದಕ್ಕ ಎಂದೇ ಕರೆಯುತ್ತಾರೆ. ಮೇಲೆ ಹೋಗುವ ಪ್ರತಿಯೊಂದು ಬೆನ್ನುಚೀಲ ಇವರ ಕೊಕ್ಕೆ ತಕ್ಕಡಿಗೆ ನೇತುಬಿದ್ದೇ ಹೋಗಬೇಕು. ಚಾರಣಿಗರಿಗೆ ಹನ್ನೆರಡು ಕೆಜಿ, ಹಗ್ಗ ಔಷಧಿ ಹೊರುವ ಮಾರ್ಗದರ್ಶಿಗೆ ಹದಿನೈದು. ಅದಕ್ಕಿಂತ ಒಂದು ಗ್ರಾಂ ಹೆಚ್ಚಾದರೂ ಚೀಲ ಬಿಚ್ಚಬೇಕು. ಹಂಗಾಮಿನಲ್ಲಿ ದಿನಕ್ಕೆ ನಲವತ್ತು ಚೀಲ, ಹದಿನಾಲ್ಕು ವರ್ಷದಿಂದ. ದಪ್ಪ ಪುಸ್ತಕ, ಎರಡನೇ ಜೊತೆ ಚಪ್ಪಲಿ, ಗಾಜಿನ ಶೀಶೆಯ ಅತ್ತರು, ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ತೆಗೆದಿಟ್ಟು ಚೀಟಿ ಅಂಟಿಸುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಅರ್ಧ ಹಿಡಿ ಮುರಿದು ಕಳಿಸಿದ್ದೂ ಉಂಟು.

ಇಷ್ಟು ಜಿಪುಣಿ ಒಂದೇ ಒಂದು ವಸ್ತುವಿನಲ್ಲಿ ಧಾರಾಳಿ. ಅದು ಲೋಟ. ಇವರು ಕೊಡುವ ಲೋಟದ ತೂಕ ನೂರಾಹತ್ತು ಗ್ರಾಂ. ಒಂದೇ ಪದರದ ಅಲ್ಯೂಮಿನಿಯಂ, ಮಡಿಸಿದ ಅಂಚು, ನಾಲ್ಕು ಬೆರಳು ಕೈಗವಸು ಸಮೇತ ತೂರುವಷ್ಟು ಅಗಲದ ಹಿಡಿಕೆ. ಎರಡು ಪದರದ ಲೋಟ ಕೈ ಸುಡುವುದಿಲ್ಲವಲ್ಲ ಎಂದು, ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಕೇಳಿದೆ. "ಮೇಲೆ ಸುಸ್ತಾದೋರು ಅದನ್ನೇ ಒಲೆ ಮೇಲಿಟ್ಟು ಹಿಮ ಕರಗಿಸೋಕೆ ಹೋಗ್ತಾರೆ. ಒಳಗಿನ ಗಾಳಿ ಕಾದು ಸಿಡಿಯುತ್ತೆ," ಎಂದರು. ಒಂದು ಲೋಟಕ್ಕೆ ಇಷ್ಟೊಂದು ಯೋಚನೆ ಬೇಕೇ ಎಂದು ನಗುತ್ತ ಕೇಳಿದ್ದು ನನ್ನ ತಪ್ಪು. ಅವರು ಶೆಡ್ಡಿನ ಇನ್ನೊಂದು ತುದಿಯಲ್ಲಿ ಚೀಲದ ಪಟ್ಟಿ ಹೊಲಿಯುತ್ತಿದ್ದ ಗಂಡನ ಕಡೆ ನೋಡಿದರು.

ಗಂಡನ ಬಲಗೈಯ ಮೂರು ಬೆರಳು ಒಳಕ್ಕೆ ಮಡಚಿಕೊಂಡಿವೆ. ಸೂಜಿ ಹಿಡಿಯುವುದು ಎಡಗೈಯಲ್ಲಿ.

ಒಂಬತ್ತು ವರ್ಷದ ಹಿಂದೆ ಅವರು ಈ ದಾರಿಯ ಮಾರ್ಗದರ್ಶಿ. ಆಗ ತೂಕದಕ್ಕನಿಗೆ ತೂಕ ಇಳಿಸುವ ಹುಚ್ಚು ತಲೆಗೇರಿತ್ತು. ಹಿಡಿಕೆ ಒಂದಕ್ಕೆ ಹದಿನೆಂಟು ಗ್ರಾಂ ಎಂದು ಕಂಡದ್ದೇ ತಡ, ಒಂದು ಮಧ್ಯಾಹ್ನ ಕೂತು ಹನ್ನೆರಡು ಲೋಟಗಳ ಹಿಡಿಕೆಯನ್ನೂ ಗರಗಸದಲ್ಲಿ ಕತ್ತರಿಸಿ ಹಾಕಿದರು. ಎರಡು ದಿನದ ನಂತರ ಬೆಟ್ಟದ ನೆತ್ತಿಯಲ್ಲಿ ಗಾಳಿ ಎದ್ದಿತು. ಮರಗಟ್ಟಿದ ಕೈಯಲ್ಲಿ ಗಂಡ ಕುದಿಯುವ ಚಹಾದ ಲೋಟ ಹಿಡಿದರು. ಬಿಸಿ ಗೊತ್ತಾಗಲಿಲ್ಲ. ಹಾಯೆನಿಸಿ ಇನ್ನಷ್ಟು ಬಿಗಿಯಾಗಿ ಹಿಡಿದರು. ಚರ್ಮ ಲೋಟಕ್ಕೆ ಅಂಟಿದ್ದು ಬಿಡಿಸಿದಾಗಲೇ ತಿಳಿದದ್ದು. ಆ ಕೈಯಲ್ಲಿ ಹಗ್ಗ ಹಿಡಿದು ಇಳಿಯಲು ಎರಡು ದಿನ ಬೇಕಾಯಿತು.

"ಎಲ್ಲಾ ಸೇರಿ ಇನ್ನೂರಾ ಹದಿನಾರು ಗ್ರಾಂ ಉಳಿಸಿದ್ದೆ. ಇವರ ಕೈ ಕೊಟ್ಟು," ಎನ್ನುತ್ತಾರೆ ತೂಕದಕ್ಕ.

"ನೀನೊಬ್ಳೇ ಏನಲ್ಲ. ನೀನು ಗರಗಸ ಎಳೀವಾಗ ಲೋಟ ಗಟ್ಟಿಯಾಗಿ ಹಿಡ್ಕೊಂಡಿದ್ದು ನಾನು," ಎಂದು ಗಂಡ ತಲೆಯೆತ್ತದೆ ಹೇಳುತ್ತಾರೆ. ಈ ಮಾತು ಆ ಮನೆಯಲ್ಲಿ ಎಷ್ಟು ಸಲ ಆಗಿದೆಯೋ.

ಅಂದಿನಿಂದ ಇಲ್ಲೊಂದು ಪದ್ಧತಿ. ಹೊರಟವರ ತಲೆ ಎಣಿಸುವುದಿಲ್ಲ, ಕೈ ಎಣಿಸುತ್ತಾರೆ. ಇಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವುದು ಇಪ್ಪತ್ತೆರಡು. ಹತ್ತು ಚಾರಣಿಗರು, ಒಬ್ಬಳು ಮಾರ್ಗದರ್ಶಿ. ಆ ಮಾರ್ಗದರ್ಶಿ ಇವರ ಒಬ್ಬಳೇ ಮಗಳು. ತಂಡ ಕಟ್ಟಿಕೊಂಡು ತಾನೇ ಮುಂದಾಳಾಗಿ ಹೋಗುತ್ತಿರುವುದು ಇದೇ ಮೊದಲು.

ಆರೂವರೆಗೆ ಹೊರಡಬೇಕು. ಆರೂ ಇಪ್ಪತ್ತಕ್ಕೆ ಮಗಳ ಚೀಲ ಕೊಕ್ಕೆಗೆ ಬೀಳುತ್ತದೆ. ಹದಿನೈದು ಕೆಜಿ ಎಂಬತ್ತು ಗ್ರಾಂ.

"ಅಮ್ಮ, ಈ ದೊಡ್ಡ ಲೋಟ ಬಿಟ್ಟು ಆ ಮಡಚೋದು ಹಾಕ್ಕೋತೀನಿ. ಸರಿಹೋಗುತ್ತೆ."

"ಆಗಲ್ಲ."

"ಹಾಗಾದ್ರೆ ಎಂಬತ್ತು ಗ್ರಾಂ ಬಿಟ್ಟುಬಿಡು."

"ಅದೂ ಆಗಲ್ಲ. ಬಿಚ್ಚು."

ತಾಯಿಗೆ ಇದು ಬಿಸಿತುಪ್ಪ. ತನ್ನದೇ ಎರಡು ಕಾನೂನು ಮುಖಾಮುಖಿ ನಿಂತಿವೆ. ಹತ್ತು ಜನ ಬಾಗಿಲಲ್ಲಿ ಕಾಲು ಬದಲಿಸುತ್ತಿದ್ದಾರೆ, ಮೇಲಿನ ಮೋಡ ಗಂಟಿಕ್ಕುತ್ತಿದೆ. ಮಗಳು ಸಿಟ್ಟಿನಿಂದ ಚೀಲ ಬಿಚ್ಚಿ ಒಂದೊಂದೇ ಹೊರಗಿಡುತ್ತಾಳೆ. ಹಗ್ಗ, ಔಷಧಿ, ಒಲೆ. ಕಾಲುಚೀಲದ ಸುರುಳಿಯ ಒಳಗಿಂದ ಒಂದು ಪೊಟ್ಟಣ ಉದುರುತ್ತದೆ. ಹುರಿದ ಕಡಲೆಬೀಜ.

"ಇದನ್ನ ನಾನು ಇಟ್ಟಿಲ್ಲ," ಎನ್ನುತ್ತಾಳೆ ಮಗಳು.

ತೂಕದಕ್ಕ ಪೊಟ್ಟಣವನ್ನು ತಕ್ಕಡಿಗಿಡುತ್ತಾರೆ. ಎಂಬತ್ತೈದು ಗ್ರಾಂ. ದೀಪದ ಬುಡದಲ್ಲೇ ಕತ್ತಲೆ, ಅದನ್ನು ಅಲ್ಲಿ ತುರುಕಿದ್ದು ತೂಕದಕ್ಕನೇ. ಗಂಡ ಕೆಮ್ಮಿನ ನೆಪದಲ್ಲಿ ನಗು ನುಂಗುತ್ತಾರೆ, ಮಗಳು ನುಂಗುವುದಿಲ್ಲ. ಕಡಲೆಬೀಜ ತಾಯಿಯ ಜೇಬಿಗೆ ಹೋಗುತ್ತದೆ, ಲೋಟ ಚೀಲಕ್ಕೆ.

ಎರಡನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ನೆತ್ತಿಯಿಂದ ವಾಕಿಟಾಕಿಯಲ್ಲಿ ಕರೆ ಬರಬೇಕು. ನಾನೂ ಶೆಡ್ಡಿನಲ್ಲೇ ಇದ್ದೇನೆ. ಹನ್ನೆರಡೂ ಕಾಲಾಗುತ್ತದೆ, ಒಂದು ಗಂಟೆಯಾಗುತ್ತದೆ. ತೂಕದಕ್ಕ ಖಾಲಿ ಚೀಲಗಳನ್ನು ತೂಗುತ್ತಿದ್ದಾರೆ, ತೂಗಿದ್ದನ್ನೇ ಮತ್ತೆ ತೂಗುತ್ತಿದ್ದಾರೆ. ಒಂದೂ ಇಪ್ಪತ್ತಕ್ಕೆ ಯಂತ್ರ ಕರಕರ ಎನ್ನುತ್ತದೆ.

"ಅಮ್ಮ, ಮೇಲಿದ್ದೀವಿ. ಗಾಳಿ ತುಂಬಾ ಇದೆ. ಒಬ್ರ ಕೈಗವಸು ಹಾರಿಹೋಯ್ತು. ಎರಡೂ ಕೈ ಬೆಳ್ಳಗಾಗಿದೆ, ಏನೂ ಗೊತ್ತಾಗ್ತಿಲ್ಲ ಅಂತಿದ್ದಾರೆ. ಚಹಾ ಕಾದಿದೆ, ಲೋಟ ಹಿಡ್ಕೊಂಡು ಕೈ ಬೆಚ್ಚಗೆ ಮಾಡ್ಕೋತೀನಿ ಅಂತ ಕೇಳ್ತಿದ್ದಾರೆ."

ಗಂಡನ ಸೂಜಿ ನಿಲ್ಲುತ್ತದೆ.

"ಕೊಡಬೇಡ," ಎನ್ನುತ್ತಾರೆ ತೂಕದಕ್ಕ. ದನಿ ಏರುವುದಿಲ್ಲ. "ಅತ್ತರೂ ಕೊಡಬೇಡ. ಅವರ ಕೈ ನಿನ್ನ ಕೋಟಿನೊಳಗೆ, ಕಂಕುಳಲ್ಲಿ ಇಟ್ಕೊ. ಹಿಡಿಕೆ ನೀನು ಹಿಡ್ಕೊಂಡು ಗುಟುಕು ಗುಟುಕಾಗಿ ಕುಡಿಸು. ಕೇಳಿಸ್ತಾ?"

ಕೇಳಿಸಿತೋ ಇಲ್ಲವೋ. ಆಮೇಲೆ ಬರೀ ಗಾಳಿಯ ಸದ್ದು, ಅದೂ ನಿಂತಿತು. ಆ ಯಂತ್ರ ಮರುದಿನ ಸಂಜೆಯವರೆಗೆ ಮತ್ತೆ ಮಾತಾಡಲಿಲ್ಲ. ಕಾಯುವ ಹೊತ್ತಿನಲ್ಲಿ ನಿಮ್ಮ ಆಸೆ ಏನು ಎಂದು ಕೇಳುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ಕೇಳಿದೆ. "ದೊಡ್ಡ ಆಸೆ ಏನಿಲ್ಲ. ಹೋದಷ್ಟು ಕೈ ವಾಪಸ್ ಬರ್ಬೇಕು."

ಮೂರನೇ ದಿನ ಸಂಜೆ ಐದಕ್ಕೆ ತಿರುವಿನಲ್ಲಿ ಬಣ್ಣದ ಟೋಪಿಗಳು ಕಾಣುತ್ತವೆ. ತೂಕದಕ್ಕ ಬಾಗಿಲಿಗೆ ಅಡ್ಡ ನಿಂತು ಹೇಳುವುದು ಎಂದಿನ ಎರಡೇ ಮಾತು. "ಕೈ ತೋರಿಸಿ." ದೊಡ್ಡ ದೊಡ್ಡ ಉದ್ಯೋಗದ ಮಂದಿ ಶಾಲೆಯ ಮಕ್ಕಳಂತೆ ಅಂಗೈ ಚಾಚುತ್ತಾರೆ. ಅವರು ತಿರುಗಿಸಿ, ಬೆರಳು ಮಡಚಿಸಿ, ಬಿಡಿಸಿ ನೋಡುತ್ತಾರೆ. ಕೈಗವಸು ಕಳೆದುಕೊಂಡವರದು ಕೆಂಪಗೆ ಊದಿದೆ, ತುದಿ ಜುಮುಗುಟ್ಟುತ್ತಿದೆಯಂತೆ. "ಜುಮ್ ಅಂದ್ರೆ ಜೀವ ಇದೆ," ಎನ್ನುತ್ತಾರೆ.

ಕೊನೆಗೆ ಮಗಳು. ಹಗ್ಗದ ಗೀರು, ಒಲೆಯ ಮಸಿ, ಮುರಿದ ಒಂದು ಉಗುರು. ಸುಟ್ಟ ಗಾಯ ಎಲ್ಲೂ ಇಲ್ಲ. ಉಳಿದವರದನ್ನು ಎರಡು ಕ್ಷಣ ಹಿಡಿದ ತಾಯಿ ಈ ಕೈಯನ್ನು ಬಿಡುತ್ತಲೇ ಇಲ್ಲ.

"ನಿನ್ನ ಮಾತು ಅರ್ಧ ಕೇಳಿಸ್ತು ಅಮ್ಮ. ಇನ್ನರ್ಧಕ್ಕೆ ಅಪ್ಪನ ಕೈ ನೆನಪಾಯ್ತು."

ಹೊಲಿಯುತ್ತಿದ್ದ ಚೀಲ ಬಿಟ್ಟು ತಂದೆ ಎದ್ದು ಬರುತ್ತಾರೆ. ಎಡಗೈಯಲ್ಲಿ ಬಟ್ಟೆ ಹಿಡಿದು ಕರಿಹಲಗೆಯ ಇಪ್ಪತ್ತೆರಡನ್ನು ಅವರೇ ಒರೆಸುತ್ತಾರೆ. ತೂಕದಕ್ಕ ಜೇಬಿನಿಂದ, ಮೂರು ದಿನ ತಿರುಗಿ ಸುಕ್ಕಾದ ಪೊಟ್ಟಣ ತೆಗೆದು ಮಗಳ ಅಂಗೈಗೆ ಇಡುತ್ತಾರೆ.

"ಈಗ ತಿನ್ನು. ಇಳಿದು ಬಂದ ಮೇಲೆ ತೂಕ ಇಲ್ಲ."