ಐದು ಮೂಲೆಯ ಹಾಸಿಗೆ

ರಿಟೈರಾದ ಗಂಡಸರು ಒಂದೋ ದೇವಸ್ಥಾನದ ಕಮಿಟಿ ಸೇರುತ್ತಾರೆ, ಇಲ್ಲವೇ ಅಡುಗೆಮನೆಗೆ ನುಗ್ಗಿ ಸಾಸಿವೆ ಡಬ್ಬ ಇಲ್ಲೇಕಿದೆ ಎಂದು ವಿಚಾರಣೆ ಶುರುಮಾಡುತ್ತಾರೆ. ಬಿಡದಿಯ ಕಾರು ಕಾರ್ಖಾನೆಯಲ್ಲಿ ಇಡೀ ಸರ್ವೀಸು ಬಾಗಿಲು ಜೋಡಿಸಿಕೊಂಡಿದ್ದ ನಮ್ಮ ಯಜಮಾನರು ಎರಡನ್ನೂ ಮಾಡಲಿಲ್ಲ. ಪುಣ್ಯಾತ್ಮ ಎಂದುಕೊಂಡಿದ್ದೆ. ಒಂದು ದಿನ ರಾಮನಗರದ ನಮ್ಮ ಮನೆ ಮುಂದೆ ಒಂದು ಗಾಡಿ ತಂದು ನಿಲ್ಲಿಸಿದರು. ಎರಡು ಚಕ್ರದ ಮೇಲೆ ಕೂತ ತಗಡಿನ ಪುಟ್ಟ ಮನೆ. ಅದನ್ನು, ಅದಕ್ಕೆಂದೇ ಕೊಂಡ ಹಳೆ ಜೀಪಿನ ಹಿಂದೆ ಕಟ್ಟಿಕೊಂಡು ಎಳೆಯಬೇಕು. ಒಳಗೆ ಎರಡು ಮಂಚ, ಒಂದು ಸ್ಟವ್ವು, ಕೈ ತೊಳೆಯಲು ಒಂದು ಸಿಂಕು. ಮೊಬೈಲ್ ಕ್ಯಾಂಟೀನುಗಳಿಗೆ ಬಾಡಿ ಕಟ್ಟುವ ಬಿಡದಿಯ ಶೆಡ್ಡೊಂದರಲ್ಲಿ ಗುಟ್ಟಾಗಿ ಮಾಡಿಸಿದ್ದರಂತೆ. ಎದುರು ಮನೆಯಾಕೆ ಬಂದು, ಎಗ್ ರೈಸೋ ಗೋಬಿಯೋ ಎಂದು ಕೇಳಿಯೇಬಿಟ್ಟಳು.

"ಇಡೀ ಕರ್ನಾಟಕ ಸುತ್ತೋಣ," ಅಂದರು ಯಜಮಾನರು. ಅಲ್ಲಿಯತನಕ ಅವರು ನನ್ನನ್ನು ಸುತ್ತಿಸಿದ್ದು ಧರ್ಮಸ್ಥಳದವರೆಗೆ, ಅದೂ ಕಾರ್ಖಾನೆಯ ಬಸ್ಸಿನಲ್ಲಿ.

ಅತ್ತೆ ಸೆರಗು ಹೊದ್ದು ಹೊರಗೆ ಬಂದರು. ಗಾಡಿಗೆ ಒಂದು ಸುತ್ತು ಹಾಕಿ, ಬಾಗಿಲಿನಿಂದ ಇಣುಕಿ, ಮಂಚವನ್ನು ಕೈಯಿಂದ ಒತ್ತಿ ನೋಡಿ, ಮಗನಿಗೆ ಒಂದೇ ಪ್ರಶ್ನೆ ಕೇಳಿದರು. "ಇದು ಗುಡೇಮಾರನಹಳ್ಳಿಗೆ ಹೋಯ್ತದೇನ್ಲಾ?"

ಗುಡೇಮಾರನಹಳ್ಳಿ ಮಾಗಡಿ ಕಡೆಯ ಅವರ ತವರು. ಬಹಳ ವರ್ಷಗಳ ಹಿಂದೆ ಅಲ್ಲಿಗೆ, ತಮ್ಮನ ಮನೆಯಲ್ಲಿ ಎರಡು ದಿನ ಇದ್ದು ಬರೋಣವೆಂದು ಹೋಗಿದ್ದರು. ಅದೇ ದಿನ ಅಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು. ಹೊರಗೆ ಮಳೆ. ಹುಳ ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ಚಂದ್ರಿಕೆಗಳು ನಡುಮನೆಯ ತುಂಬ ನಿಂತಿದ್ದವು. ಅಕ್ಕನಿಗೆ ಜಗುಲಿಯ ಮೇಲೆ ಚಾಪೆ ಹಾಸಿದರು. ಹುಳ ಸಾಕುವ ಮನೆಗಳಲ್ಲಿ ಇದು ಅವಮಾನವೇನಲ್ಲ, ತಮ್ಮನೂ ಅದೇ ಜಗುಲಿಯ ಇನ್ನೊಂದು ತುದಿಯಲ್ಲಿ ಮಲಗಿದ್ದರಂತೆ. ಆದರೆ ಅತ್ತೆ ಬೆಳಗಿನ ಮೊದಲ ಬಸ್ಸಿಗೇ ವಾಪಸ್ಸು ಬಂದರು. "ಹುಳಕ್ಕಿರೋ ಮರ್ವಾದೆ ನಂಗಿಲ್ಲ. ಅವ್ನಾಗಿ ಕರೆಯೋಗಂಟ ಆ ಹೊಸ್ತಿಲು ತುಳಿಯಾಕಿಲ್ಲ," ಎಂದು ಶಪಥ ಮಾಡಿದರು. ಅವರ ತಮ್ಮ ಅವರಿಗೇ ತಮ್ಮ. ಆತನೂ ಕರೆಯಲಿಲ್ಲ. ಆಮೇಲೆ ಆ ಕಡೆಯ ಮದುವೆಗಳಿಗೆಲ್ಲ ಅತ್ತೆ ಛತ್ರಕ್ಕೆ ಹೋಗಿ, ಮುಯ್ಯಿ ಹಾಕಿ, ಉಂಡು ಸಂಜೆ ಬಸ್ಸಿಗೆ ಬಂದುಬಿಡುತ್ತಿದ್ದರು.

ಎಂಬತ್ತು ದಾಟಿದ ಮೇಲೆ ಅವರಿಗೆ ಒಂದೇ ಆಸೆ ಹತ್ತಿತ್ತು. ಹುಟ್ಟಿದೂರಿನಲ್ಲಿ ಒಂದು ರಾತ್ರಿ ಮಲಗಿ ಏಳಬೇಕು. ಯಾರನ್ನೂ ಹಾಸಿಗೆ ಕೇಳಬಾರದು. ಕರ್ನಾಟಕ ಪ್ರವಾಸ ಅಲ್ಲಿಗೆ ಮಾಗಡಿ ತಾಲ್ಲೂಕಿಗೆ ಇಳಿಯಿತು.

ಆದರೆ ಮಂಚವಿದ್ದರೆ ಆಯಿತೇ? "ಚಾಪೆ ಮ್ಯಾಲೆ ಮನಗಿದ್ಲು ಅಂತ ಅವ್ನ ಕಿವಿಗೆ ಬೀಳ್ಬಾರ್ದು. ದೊಡ್ಡ ಹಾಸಿಗೆ, ಮೇಲೊಂದು ಒಳ್ಳೆ ಬೆಡ್‌ಶೀಟು. ಬಾಗಿಲು ತೆಗೆದ್ರೆ ಊರಿಗೆಲ್ಲ ಕಾಣ್ಬೇಕು," ಅಂದರು ಅತ್ತೆ. ನಾನು ಬೀದಿಯ ಹೆಂಗಸರಿಗೆ ಬ್ಲೌಸು ಹೊಲಿಯುವವಳು. ಆದ್ದರಿಂದ ಕೆಲಸ ನನ್ನ ತಲೆಗೇ ಬಂತು.

ಅತ್ತೆಗೆಂದು ಗೊತ್ತಾದ ಮಂಚ ತಲೆಯ ಕಡೆ ಅಗಲ. ಬಾಗಿಲಿಗೆ ಜಾಗ ಬಿಡಬೇಕೆಂದು ಕಾಲಿನ ಕಡೆ ಕಿರಿದು. ಚಕ್ರ ಬರುವಲ್ಲಿ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದರು. ಇನ್ನೊಂದು ಮಂಚ ನಮ್ಮಿಬ್ಬರದು. ಅದು ನಮ್ಮವರಿಗಿಂತ ಒಂದು ಗೇಣು ಗಿಡ್ಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅವರೇ ನನಗೆ ಗಾದೆ ಹೇಳಿದರು. ಅಳತೆ ಕೊಟ್ಟವರೂ ಅವರೇ ಅಲ್ಲವೇ, ಬೇರೆ ಏನು ಹೇಳಿಯಾರು!

ಪೇಟೆಯ ದೊಡ್ಡ ಅಂಗಡಿಯಲ್ಲಿ ಸಿಂಗಲ್, ಡಬಲ್, ಕ್ವೀನ್, ಕಿಂಗ್ ಎಂದು ನಾಲ್ಕು ಜಾತಿ ತೋರಿಸಿ, ಯಾವುದು ಬೇಕು ಮೇಡಂ ಎಂದರು. ಕ್ವೀನಿನ ಅತ್ತೆಯದು ಬೇಕು ಅಂದೆ. ಅಂಗಡಿಯವನು ನಗಲಿಲ್ಲ. ಅಲ್ಲಿಂದ ಹತ್ತಿ ತುಂಬಿ ಹಾಸಿಗೆ ಮಾಡಿಕೊಡುವ ಸಾಬರ ಅಂಗಡಿಗೆ ಹೋದೆ. ನಾನು ಬರೆದುಕೊಂಡು ಹೋಗಿದ್ದ ಚಿತ್ರವನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಹಾಸಿಗೆಗೆ ನಾಲ್ಕು ಮೂಲೆ ಇರ್ತೈತೆ ಅಮ್ಮಾ. ಐದ್ನೇದು ಎಲ್ಲಿಂದ ತಂದ್ರಿ?"

"ಬಿಡದಿಯಿಂದ," ಅಂದೆ.

ಚೀಲ ನೀವೇ ಹೊಲಿದು ತನ್ನಿ, ಬೂರುಗದ ಹತ್ತಿ ತುಂಬಿಕೊಡುತ್ತೇನೆ, ಐದನೇ ಮೂಲೆಯ ಜವಾಬ್ದಾರಿ ಮಾತ್ರ ನನ್ನದಲ್ಲ ಎಂದು ಅವರು ಕೈ ತೊಳೆದುಕೊಂಡರು.

ಹಳೆ ಪೇಪರುಗಳನ್ನು ಅಂಟಿಸಿ ಮಂಚದ ಮೇಲೆ ಹಾಸಿ, ಅಂಚಿಗೆ ಸರಿಯಾಗಿ ಕತ್ತರಿಸಿಕೊಂಡೆ. ಮೇಲ್ಭಾಗಕ್ಕೆ ಹೊಸ ಪಟ್ಟೆ ಬಟ್ಟೆ. ಕೆಳಗೆ ಯಾರು ನೋಡುತ್ತಾರೆ ಎಂದು ಹಳೆಯ ಪರದೆ. ಇಷ್ಟು ವರ್ಷ ಎಡಗೈ ತೋಳು ಬಲಗೈ ತೋಳು ಅದಲು ಬದಲು ಮಾಡದ ನಾನು ಅವತ್ತು ಪೇಪರನ್ನು ಬಟ್ಟೆಯ ಮೇಲೆ ಮಗುಚಿ ಹಾಕಿಬಿಟ್ಟಿದ್ದೆ. ಹತ್ತಿ ತುಂಬಿಸಿ ತಂದು ಮಂಚಕ್ಕೆ ಇಟ್ಟಾಗ ಓರೆ ಮೂಲೆ ಚಕ್ರದ ಕಡೆ ಬರದೆ ಇನ್ನೊಂದು ಬದಿಗೆ ಹೋಗಿತ್ತು. ಮಗುಚಿ ಹಾಕಿದರೆ ಸರಿಯಾಗಿ ಕೂರುತ್ತದೆ, ಆದರೆ ಮೇಲೆ ಬರುವುದು ಮಾಸಿದ ಪರದೆಯ ದಾಸವಾಳ. ಅತ್ತೆ ನೋಡಿ, "ಇದ್ರ ಮ್ಯಾಲೆ ಮನಗೋದ್ಕಿಂತ ಜಗುಲಿನೇ ವಾಸಿ," ಅಂದರು. ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದೆ.

ಹೊಲಿದು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಅತ್ತೆ ಕೇಳಿದರು. "ಅಲ್ಲಿ ಗಾಡಿ ನಿಂತ್ರೆ ಉತ್ತರ ಯಾವ ಕಡೆ ಬತ್ತದೆ?" ಉತ್ತರಕ್ಕೆ ತಲೆ ಹಾಕಿ ಮಲಗುವುದುಂಟೇ! ಮನೆಯಾದರೆ ನಿಂತಲ್ಲೇ ನಿಲ್ಲುತ್ತದೆ, ಇದು ಊರೂರಿಗೆ ಮುಖ ತಿರುಗಿಸುವ ಮನೆ. ಗಾಡಿಯನ್ನೇ ತಿರುಗಿಸಿ ನಿಲ್ಲಿಸಿದರಾಯಿತು ಎಂದು ಯಜಮಾನರು ಮೈದಾನಕ್ಕೆ ಹೋಗಿ ರಿವರ್ಸ್ ಅಭ್ಯಾಸ ಮಾಡಿದರು. ಜೀಪು ಎಡಕ್ಕೆ ಹೋದರೆ ಗಾಡಿ ಬಲಕ್ಕೆ ಹೋಗುತ್ತಿತ್ತು. ಸಂಜೆ ಬಂದು ಜೀಪಿನ ಕೀಲಿಯನ್ನು ಮೊಳೆಗೆ ನೇತುಹಾಕಿ, ಉಂಡು ಮಲಗಿದರು. ಕೊನೆಗೆ ನಾನೇ ಮಂಚ ಕಿರಿದಾದ ಕಡೆಗೆ ಅಗಲ ತುಂಬಲೆಂದು ಒಂದು ಉದ್ದನೆಯ ಓರೆ ದಿಂಬು ಹೊಲಿದೆ, ಕೆಳಗೆ ಆಸರೆಗೆ ಪಾತ್ರೆ ಪೆಟ್ಟಿಗೆ ಇಟ್ಟೆ. ಈಗ ಯಾವ ತುದಿಗೆ ತಲೆ ಹಾಕಿದರೂ ಕೈ ಕೆಳಗೆ ಜೋತುಬೀಳುತ್ತಿರಲಿಲ್ಲ. ಬೆಡ್‌ಶೀಟು ಜಾರದಿರಲಿ ಎಂದು ಐದೂ ಮೂಲೆಗೆ ಬ್ಲೌಸಿನ ಬೆನ್ನಿಗೆ ಇಡುವಂಥ ಲಾಡಿ ಇಟ್ಟೆ. ಮಂಚಕ್ಕೆ ಬ್ಲೌಸು ಹೊಲಿದ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಮಧ್ಯಾಹ್ನ ಇಳಿದ ಮೇಲೆ ಗುಡೇಮಾರನಹಳ್ಳಿ ಸೇರಿ ಊರ ಹೊರಗೆ ಹೊಂಗೆ ಮರದ ಕೆಳಗೆ ನಿಂತೆವು. ಅತ್ತೆ ಬಾಗಿಲನ್ನು ಪೂರ್ತಿ ತೆಗೆಸಿ, ಹಾಸಿಗೆಯ ಅಂಚಿನಲ್ಲಿ ಕೂತರು. ಜನ ಸೇರಿದರು. ಓಟಿನ ಪ್ರಚಾರವೇ ಎಂದೊಬ್ಬ ಕೇಳಿದ. ದನದ ಆಸ್ಪತ್ರೆ ಗಾಡಿ ಎಂದುಕೊಂಡ ಇನ್ನೊಬ್ಬ ಕುಂಟುವ ಎಮ್ಮೆಯನ್ನು ಹೊಡೆದುಕೊಂಡೇ ಬಂದ. ಅತ್ತೆಯ ಗುರುತು ಹಿಡಿದ ಮುದುಕಿಯೊಬ್ಬಳು, "ಊರ್ಗೆ ಬಂದೋಳು ನೀರ್ಗೆ ಬರ್ದೆ ಇದ್ದಾಳಾ? ತಮ್ಮನ ಮನೆ ಕಡೆ ಬಂದೇ ಬತ್ತಾಳೆ ಬುಡಿ," ಅಂದಳು. ಆಕೆಗೆ ಗೊತ್ತಿರಲಿಲ್ಲ, ಅತ್ತೆ ನೀರನ್ನೂ ರಾಮನಗರದಿಂದಲೇ ಕ್ಯಾನಿನಲ್ಲಿ ತಂದಿದ್ದರು.

ಹೊತ್ತು ಮುಳುಗುವ ಮೊದಲೇ ಅತ್ತೆಯ ತಮ್ಮ ಬಂದರು. ಹೆಗಲ ಮೇಲೆ ಟವೆಲು, ಮುಖದ ಮೇಲೆ ಸಿಟ್ಟು.

"ಏನಕ್ಕ ಇದು?"

"ಕಾಣಾಕಿಲ್ವಾ? ಹಾಸಿಗೆ."

"ಹುಟ್ಟಿದೂರ್ಗೆ ಹಾಸಿಗೆ ಹೊತ್ಕೊಂಡ್ ಬಂದಿದ್ದೀಯಲ್ಲ, ಊರೋರು ನನ್ ಮಕಕ್ಕೆ ಉಗಿಯಾಕಿಲ್ವಾ?"

"ನಿನ್ ಮನೇಲಿ ಹುಳ ಮನಗಿರ್ತವೆ. ಪಾಪ, ಅವಕ್ಯಾಕೆ ತೊಂದ್ರೆ ಅಂತ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು. "ಹುಳ ಸಾಕೋದು ಬುಟ್ಟು ಯಾವ ಕಾಲಾಯ್ತಕ್ಕ. ನಡುಮನೆ ಖಾಲಿ ಬಿದ್ದೈತೆ. ನಾನ್ ಕರೀತೀನಿ ಅಂತ ನೀನ್ ಕುಂತೆ, ನೀನ್ ಬತ್ತೀಯ ಅಂತ ನಾನ್ ಕುಂತೆ. ಈಗ ಕರೀತಾ ಇವ್ನಿ, ಬಾ."

ಅತ್ತೆ ತಮ್ಮನ ಮುಖವನ್ನೇ ನೋಡಿದರು. ಇಷ್ಟು ವರ್ಷ ಯಾವ ಹುಳಗಳ ಮೇಲೆ ಮುನಿಸಿಕೊಂಡಿದ್ದರೋ ಅವು ಮನೆ ಬಿಟ್ಟು ಹೋಗಿದ್ದವು, ಇವರೊಬ್ಬರೇ ಮುನಿಸು ಕಾಯ್ದುಕೊಂಡು ಕೂತಿದ್ದರು. ಅವರನ್ನು ನೋಡಿ ನನಗೆ ಸಂಕಟವಾಯಿತು. ಆದರೆ ಹಟ ಅಷ್ಟು ಸುಲಭಕ್ಕೆ ಮಂಚದಿಂದ ಇಳಿಯುತ್ತದೆಯೇ? "ಇವತ್ತು ಇಲ್ಲೇ. ನನ್ ಸೊಸೆ ಎಷ್ಟು ಚೆಂದಾಗಿ ಹೊಲಿದವ್ಳೆ ನೋಡು," ಅಂದರು. ಮದುವೆಯಾಗಿ ಬಂದಾಗಿನಿಂದ ಆ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ. ಅದೂ ತಮ್ಮನಿಗೆ ಬಾರಿಸಲು ಎತ್ತಿಕೊಂಡ ಕೋಲು.

"ಹಂಗಾದ್ರೆ ನಾನೂ ಇಲ್ಲೇ ಮನಗ್ತೀನಿ," ಎಂದು ತಮ್ಮ ಚಪ್ಪಲಿ ಬಿಟ್ಟು ಗಾಡಿ ಹತ್ತಿ ನಮ್ಮ ಮಂಚದ ಮೇಲೆ ಕೂತೇಬಿಟ್ಟರು. "ಅಳಿಯ, ನೀವಿಬ್ರೂ ಮನೆಗ್ ನಡೀರಿ. ಮುದ್ದೆ ಮಾಡವ್ಳೆ."

ಸ್ವಂತ ಗಾಡಿ, ಸ್ವಂತ ಹೊಲಿಗೆ, ಆದರೂ ಜಾಗ ಖಾಲಿ ಮಾಡಿ ಹೊರಟವರು ನಾವು. ತಮ್ಮನ ಹೆಂಡತಿ ಮುದ್ದೆ ಬಸ್ಸಾರು ಬಡಿಸಿ, ನಡುಮನೆಯಲ್ಲಿ ಜಮಖಾನ ಹಾಸಿ ದುಪ್ಪಟಿ ಕೊಟ್ಟರು. ಆ ಜಾಗ ಎಷ್ಟು ದೊಡ್ಡದಿತ್ತೆಂದರೆ ನಮ್ಮವರು ಕೈಕಾಲು ಪೂರ್ತಿ ಚಾಚಿ ಮಲಗಿದರು. ಅತ್ತೆಗೆ ಸಿಗದ ಜಾಗ ನನಗೆ ಕೇಳದೆಯೇ ಸಿಕ್ಕಿತಲ್ಲ ಎಂದು ಯಾಕೋ ನಾಚಿಕೆಯಾಯಿತು.

ಬೆಳಕು ಹರಿದ ಮೇಲೆ ತಂಬಿಗೆಯಲ್ಲಿ ಬಿಸಿ ಕಾಫಿ, ಮೇಲೆ ಎರಡು ಲೋಟ ಬೋರಲು ಹಾಕಿಕೊಂಡು ಗಾಡಿಗೆ ಹೋದೆ. ಅಕ್ಕ ತಮ್ಮ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಒಂದೇ ಕಂಬಳಿ ಹೊದ್ದು ಕೂತಿದ್ದರು. ಇಬ್ಬರ ಕಣ್ಣೂ ಕೆಂಪಗೆ ಊದಿಕೊಂಡಿದ್ದವು. ಒಳಗೆ ಇಣುಕಿದೆ. ಐದು ಲಾಡಿಯೂ ನಾನು ಕಟ್ಟಿದಂತೆಯೇ ಇತ್ತು, ಬೆಡ್‌ಶೀಟಿನ ಮೇಲೆ ಒಂದು ಸುಕ್ಕೂ ಬಿದ್ದಿರಲಿಲ್ಲ.

"ಮಲಗಲಿಲ್ವಾ ಅತ್ತೆ?"

"ಎಲ್ ಮನಗೋದು? ಮಾತಾಡ್ತಾ ಮಾತಾಡ್ತಾ ಬೆಳಗಾಗೋಯ್ತು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಲೋಟಕ್ಕೆ ಕಾಫಿ ಬಗ್ಗಿಸಹೊರಟೆ. ಅತ್ತೆ ನನ್ನ ಕೈ ತಡೆದರು.

"ಕಾಫಿನ ಇಲ್ಲಿಗ್ಯಾಕ್ ಹೊತ್ಕೊಂಡ್ ಬಂದೆ? ಮನೆ ಇಲ್ವಾ ನಂಗೆ?"

ಹಾಗೆಂದು ಕಂಬಳಿಯನ್ನು ತಮ್ಮನ ಮೇಲೆ ಎಸೆದು, ಮೊಣಕಾಲು ಹಿಡಿದು ಎದ್ದು, ನಮಗಾಗಿ ಕಾಯದೆ ಊರೊಳಗೆ ನಡೆದರು.